ಮೈಕಿನಲ್ಲಿ ಓದಬಾರದ ಹೆಸರು

ಹೊಸದುರ್ಗ
೧೨-೧-೧೯೯೮

ಮೋಹನ,

ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆದಿದ್ದೇನೆ. ನಿಜ ಬೇರೆ ಇದೆ, ಆಮೇಲೆ ಹೇಳುತ್ತೇನೆ.

ನಿನ್ನೆ ದುರ್ಗದ ಬಸ್ಸಿನ ಕಂಡಕ್ಟರ್ ಕಾಟಲಿಂಗಪ್ಪ ಅಂಗಡಿಗೆ ಬಂದಿದ್ದ. ಬಂದವನು ಟೀ ಕುಡಿದು ಸುಮ್ಮನೆ ಹೋಗಬಾರದೆ? "ಮುರುಗೇಶಣ್ಣ, ದುರ್ಗದಾಗೆ ನಿನ್ನ ದೋಸ್ತ್ ಇದಾನಲ್ಲ, ಆ ಸಮ್ಮೋಹನದ ಡಾಕ್ಟ್ರು, ಅವನ ಮನೆ ಮುಂದೆ ಬೆಂಚು ತುಂಬಿ ಮೆಟ್ಲ ಮೇಲೂ ಜನ ಕುಂತಿರ್ತಾರೆ ಕಣಪ್ಪ" ಅಂದ. ಅವನೂ ಡಾಕ್ಟರಲ್ಲ, ನಾನೂ ಅಲ್ಲ, ಇಬ್ಬರೂ ಬೆಂಗಳೂರಿನ ಸಮ್ಮೋಹನ ಶಿಬಿರದಲ್ಲಿ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕಲಿತವರು ಎಂದು ಬಿಡಿಸಿ ಹೇಳಿ ಕಳಿಸಿದೆ. ಆಮೇಲೆ ನನ್ನ ಬೆಂಚಿನ ಕಡೆ ನೋಡಿದೆ. ಬೆಕ್ಕು ಮಲಗಿತ್ತು. ಹೊಟ್ಟೆ ಉರಿಯಿತು ಮೋಹನ, ಸುಳ್ಳು ಯಾಕೆ ಹೇಳಲಿ. ಶಿಬಿರದಲ್ಲಿ ನಾನು ಬಾಯಿ ತೆರೆದರೆ ಸಾಲು ಸಾಲಾಗಿ ತೂಕಡಿಸುತ್ತಿದ್ದರು. ನೀನು ಬಾಯಿ ತೆರೆದರೆ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ಈಗ ನೋಡಿದರೆ ಬೆಂಚು ನಿನಗೆ, ಬೆಕ್ಕು ನನಗೆ.

ಹಾಗಂತ ಕೈಕಟ್ಟಿ ಕೂತಿಲ್ಲ. ಮೈಕ್‌ಸೆಟ್ ಇಟ್ಟು ಈ ಸೀಮೆಯ ಮದುವೆಗಳಲ್ಲೆಲ್ಲ ಮುಯ್ಯಿ ಓದಿದವನು ನಾನು. ಹಣವೋ ಪಾತ್ರೆಯೋ ಮುಯ್ಯಿ ಕೊಟ್ಟವನ ಹೆಸರನ್ನು ಊರು, ಅಪ್ಪನ ಹೆಸರು ಸೇರಿಸಿ ಗಟ್ಟಿಯಾಗಿ ಓದಿದರೆ ಅವನ ಎದೆ ಎರಡು ಅಂಗುಲ ಉಬ್ಬುತ್ತದೆ. ಅದೇ ವಿದ್ಯೆಯನ್ನು ಇಲ್ಲಿಗೂ ತಂದಿದ್ದೇನೆ. ಯಾರಿಗೆ ಗುಣವಾಯಿತೋ ಅವರ ಹೆಸರನ್ನು ಆಟೋದಲ್ಲಿ ಮೈಕ್ ಕಟ್ಟಿ ಊರೆಲ್ಲ ಓದಿಸುತ್ತೇನೆ. "ಬಂಧುಗಳೇ, ಹೊಗೆಸೊಪ್ಪು ಇಲ್ಲದೆ ಮುದ್ದೆ ನುಂಗಲಾರದಿದ್ದ ಕೋಟೆ ಬೀದಿಯ ಪಾಲಮ್ಮನವರು ಇಂದು ಹೊಗೆಸೊಪ್ಪಿನ ಚೀಲವನ್ನು ಒಲೆಗೆ ಹಾಕಿದ್ದಾರೆ!" ಹೇಗಿದೆ? ನೀನೂ ಹೀಗೇ ಮಾಡು. ಹೆಸರು ಓದದಿದ್ದರೆ ಜನಕ್ಕೆ ಅವಮಾನ.

ಇನ್ನು ನಿಜದ ಮಾತು. ನಮ್ಮ ವೀರಮ್ಮನಿಗೆ ದೀಪಾವಳಿಯಿಂದ ನಿದ್ದೆಯಿಲ್ಲ. ರಾತ್ರಿಯೆಲ್ಲ ಗೋಡೆ ನೋಡಿಕೊಂಡು ಕೂತಿರುತ್ತಾಳೆ. ಏನೆಂದು ಕೇಳಿದರೆ "ಏನಿಲ್ಲ, ಮಲಿಕ್ಕಳ್ರಿ" ಅನ್ನುತ್ತಾಳೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು ಎನ್ನುತ್ತಾರಲ್ಲ, ಆ ಹಲ್ಲಿ ನಾನೇ. ಅವಳನ್ನು ಮಲಗಿಸದೆ ಬಿಡುವುದಿಲ್ಲ. ಅವಳೊಬ್ಬಳು ಮಲಗಿದರೆ ನನ್ನ ವಿದ್ಯೆ ಗೆದ್ದಂತೆ.

ನಿನ್ನ
ಮುರುಗೇಶ್


ಚಿತ್ರದುರ್ಗ
೨೯-೧-೧೯೯೮

ಮುರುಗೇಶಣ್ಣನಿಗೆ ನಮಸ್ಕಾರ.

ಕಾಟಲಿಂಗಪ್ಪ ನಿಮಗೆ ಮೆಟ್ಟಿಲ ಮೇಲಿನ ಜನರನ್ನು ತೋರಿಸಿದ, ಅವರು ಯಾಕೆ ಬಂದಿದ್ದರು ಎಂದು ಹೇಳಲಿಲ್ಲ. ಕೇಳಿ. ಬೋರ್ಡು ಬರೆಯಲು ಪೇಂಟರ್ ನಾಗರಾಜಪ್ಪನಿಗೆ ಕೊಟ್ಟಿದ್ದೆ. 'ಸಮ್ಮೋಹನ ಚಿಕಿತ್ಸೆ' ಎಂದು ಬರೆಯಪ್ಪ ಅಂದರೆ, "ಸಾರ್, ಅದು ಜನಕ್ಕೆ ತಿಳಿಯಕಿಲ್ಲ, ನಾನೇ ಕೆಳಗೆ ಬಿಡಿಸಿ ಬರ್ದೀನಿ" ಎಂದು ದಪ್ಪ ಕೆಂಪಕ್ಷರದಲ್ಲಿ 'ವಶೀಕರಣ' ಎಂದು ಬರೆದುಬಿಟ್ಟ. ಮಾರನೆಯ ದಿನದಿಂದಲೇ ಜನವೋ ಜನ. ನನಗೂ ಖುಷಿಯಾಗಿ ಒಂದಷ್ಟು ದಿನ ಬೋರ್ಡು ಹಾಗೇ ಬಿಟ್ಟಿದ್ದೆ, ತಪ್ಪು ನನ್ನದೇ. ಒಬ್ಬ ಹೆಂಗಸು ಗಂಡನ ತಲೆಗೂದಲು ಕಾಗದದಲ್ಲಿ ಕಟ್ಟಿಕೊಂಡು ಬಂದಳು. ಇನ್ನೊಬ್ಬ ಅಮಲ್ದಾರರನ್ನು ವಶ ಮಾಡಿಕೊಡಬೇಕಂತೆ. ಅದು ನನ್ನ ಕೈಲಾಗದು ಅಂದಿದ್ದಕ್ಕೆ ಬೈದು, ಬಾಗಿಲಿಗೆ ಉಗಿದು ಹೋದ. ಬೋರ್ಡು ಇಳಿಸಿ ಬರೀ ನನ್ನ ಹೆಸರು ಬರೆಸಿದೆ. ಈಗ ನನ್ನ ಬೆಂಚೂ ಖಾಲಿಯೇ ಇರುತ್ತದೆ, ಆದರೆ ಬರುವವರು ನಿಜವಾಗಿ ಬೇಕಾಗಿ ಬರುತ್ತಾರೆ.

ನಮ್ಮವ್ವ ಏಕಾಂತಮ್ಮ ಬಾಗಿಲಲ್ಲೇ ಏನಾದರೂ ಕೆಲಸ ಹಿಡಿದು ಕೂತಿರುತ್ತಾಳೆ. ಹೆಣ್ಣುಮಕ್ಕಳು ಬಂದಾಗ ಬಾಗಿಲು ಹಾಕುವುದಿಲ್ಲ. ಇದು ನಮ್ಮವ್ವನ ಕಟ್ಟಪ್ಪಣೆ.

ಓದಿಸುವ ವಿಷಯ. ತಪ್ಪು ತಿಳಿಯಬೇಡಿ ಅಣ್ಣ, ಮುಯ್ಯಿ ಕೊಡುವುದು ದೊಡ್ಡಸ್ತಿಕೆ, ನಮ್ಮ ಹತ್ತಿರ ಬರುವುದು ದೊಡ್ಡಸ್ತಿಕೆಯಲ್ಲ. ಅದನ್ನು ಓದಿಸಬೇಡಿ.

ವೀರಮ್ಮಕ್ಕನನ್ನು ಮೊದಲು ಒಬ್ಬ ಒಳ್ಳೆಯ ಡಾಕ್ಟರಿಗೆ ತೋರಿಸಿ. ನೀವೇ ಮಲಗಿಸಲು ಹೋಗಬೇಡಿ. ಹಿತ್ತಲ ಗಿಡ ಮದ್ದಲ್ಲ. ಅಕ್ಕನಿಗೆ ನಿದ್ದೆ ಬಂತೇ ಎಂದು ತಪ್ಪದೆ ಬರೆಯಿರಿ, ಅದೇ ಯೋಚನೆಯಾಗಿದೆ.

ನಿಮ್ಮ
ಮೋಹನ್‌ಕುಮಾರ್


ಹೊಸದುರ್ಗ
೨೦-೩-೧೯೯೮

ಮೋಹನ,

ನಿನ್ನ ಕಾಗದ ಓದಿ ಎರಡು ತಿಂಗಳು ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ತಡೆಯಲಾಗಲಿಲ್ಲ. ನಿನ್ನೆ ಮೊನ್ನೆ ಮೀಸೆ ಬಂದವನು ನನಗೆ ಬುದ್ಧಿ ಹೇಳುವ ಹಾಗಾದೆಯಾ? ಬೆಂಚು ಖಾಲಿ ಎಂದು ಬರೆದಿದ್ದೀಯ. ಕಾಟಲಿಂಗಪ್ಪನನ್ನು ಮತ್ತೆ ಕೇಳಿದೆ, ತುಂಬಿರುತ್ತದೆ ಅಂದ. ನನ್ನ ದೃಷ್ಟಿ ತಾಗುತ್ತದೆ ಎಂದು ಬಚ್ಚಿಡುತ್ತೀಯೇನು? ಇನ್ನು ನಿಮ್ಮವ್ವ! ಹೆಸರು ಏಕಾಂತಮ್ಮ, ಯಾರಿಗೂ ಏಕಾಂತ ಕೊಡುವುದಿಲ್ಲ. ಅದನ್ನೂ ಅವರಿಗೆ ಓದಿ ಹೇಳು, ನಗಲಿ.

ಹೆಸರು ಓದಿಸಬೇಡಿ ಅನ್ನುತ್ತೀಯ. ತುರುವನೂರಿನ ಒಂದು ಮದುವೆಯಲ್ಲಿ ನಾನು ಒಬ್ಬನ ಹೆಸರು ಬಿಟ್ಟು ಓದಿದ್ದಕ್ಕೆ ಅವನು ಕೊಟ್ಟ ಕೊಳಗವನ್ನು ಚಪ್ಪರದಿಂದಲೇ ಎತ್ತಿಕೊಂಡು ಹೋದ. ಈ ಜನ ಅಂಥವರು. ಆದರೂ ಒಂದು ಸಂಗತಿ ನನಗೆ ಅರ್ಥವಾಗಿಲ್ಲ. ಹಿರಿಯೂರಿನ ರೇವಣಸಿದ್ದಪ್ಪ, ಎಣ್ಣೆ ಮಂಡಿಯವರು, ಕತ್ತಲೆಗೆ ಹೆದರುತ್ತಿದ್ದರು. ನನ್ನ ಹತ್ತಿರ ಬಂದು ಗುಣವಾಯಿತು. "ಐವತ್ತರ ವಯಸ್ಸಿನಲ್ಲಿ ಈಗ ಒಬ್ಬರೇ ಹಿತ್ತಲಿಗೆ ಹೋಗಿ ಬರುತ್ತಾರೆ" ಎಂದು ಎಷ್ಟು ಚೆನ್ನಾಗಿ ಓದಿದೆ ಗೊತ್ತಾ! ಅವರು ಹಿರಿಯೂರಿನಿಂದ ಬಸ್ಸು ಹತ್ತಿ ಬಂದು, "ಏನ್ರೀ, ಮಗಳ ಮದ್ವೆ ಮಾತುಕತೆ ನಡೀತೈತೆ, ನನ್ನ ಮಾನ ಬೀದಿಗೆ ತಂದ್ರಲ್ರೀ!" ಎಂದು ಅಂಗಡಿಯಲ್ಲಿ ಕೂಗಾಡಿ ಹೋದರು. ಗುಣವಾದ ಮೇಲೆ ವೈದ್ಯನ ಹಂಗೇಕೆ ಎಂಬ ಬುದ್ಧಿ. ಅಂದಿನಿಂದ ಪರವೂರಿನವರು ಯಾರೂ ಈ ಕಡೆ ಬಂದಿಲ್ಲ. ಅವರೆಲ್ಲ ನಿನ್ನ ಬೆಂಚಿಗೆ ಬರುತ್ತಿದ್ದಾರೆ ಎಂದು ನನಗೆ ಗೊತ್ತು.

ವೀರಮ್ಮನ ಮೇಲೆ ಪ್ರಯೋಗ ಮಾಡಿದೆ. ಶಿಬಿರದಲ್ಲಿ ಹೇಳಿಕೊಟ್ಟ ಹಾಗೆಯೇ, "ನಿಮ್ಮ ಕಣ್ಣೆವೆಗಳು ಭಾರವಾಗುತ್ತಿವೆ, ನೀವು ಆಳವಾದ ಪ್ರಶಾಂತತೆಗೆ ಜಾರುತ್ತಿದ್ದೀರಿ" ಅಂದೆ. ಅವಳು ಕಣ್ಣು ಮುಚ್ಚಿಕೊಂಡೇ, "ಏನೂ ಭಾರ ಆಗಿಲ್ಲ, ಬೇಗ ಮುಗಿಸ್ರಿ, ಅನ್ನ ಸೀದೋಗ್ತೈತೆ" ಅಂದಳು. ಡಾಕ್ಟರಿಗೂ ತೋರಿಸಿದೆ, ನಿನ್ನ ಮಾತಿಗಲ್ಲ, ನನಗೇ ಅನ್ನಿಸಿತು. ಮೈಯಲ್ಲಿ ಏನೂ ಇಲ್ಲವಂತೆ. ಮತ್ತೇನಿದೆ ಎಂದು ಅವಳು ಬಾಯಿ ಬಿಡುವುದಿಲ್ಲ. ಈಗ ನನ್ನ ಧ್ವನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿದ್ದೇನೆ. ದಿನಾ ಹಾಕುತ್ತೇನೆ. ನೋಡುತ್ತಿರು.

ಮುರುಗೇಶ್


ಚಿತ್ರದುರ್ಗ
೧೮-೬-೧೯೯೮

ಮುರುಗೇಶಣ್ಣನಿಗೆ,

ನಿಮ್ಮ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮಿಸಿ. ಕೆಲಸವಿತ್ತು. ಇಲ್ಲಿ ಮಳೆ ಸುಮಾರಾಗಿ ಬಿದ್ದಿದೆ. ಅವ್ವ ನಿಮ್ಮ ಏಕಾಂತದ ಮಾತಿಗೆ ನಕ್ಕಳು, ಆಶೀರ್ವಾದ ತಿಳಿಸಲು ಹೇಳಿದ್ದಾಳೆ.

ಬೇರೆ ವಿಶೇಷವಿಲ್ಲ.

ಮೋಹನ್‌ಕುಮಾರ್


ಹೊಸದುರ್ಗ
೨-೭-೧೯೯೮

ಮೋಹನ,

ಪೇಡಾ ಹಂಚಬೇಕು, ನೀನು ದೂರ ಇದ್ದೀಯ. ವೀರಮ್ಮ ಮಲಗಿದಳು! ಒಂದು ದಿನವಲ್ಲ, ತಿಂಗಳಾಯಿತು. ತಲೆದಿಂಬಿಗೆ ತಲೆ ಇಟ್ಟರೆ ಸಾಕು, ಗೊರಕೆ. ನಾನು ಎದ್ದು ಕೂತು ಆ ಗೊರಕೆಯನ್ನು ಕೇಳಿಸಿಕೊಳ್ಳುತ್ತೇನೆ. ಮದುವೆಯಾದ ಮೇಲೆ ಇಂಥ ನಾದಸ್ವರ ಕೇಳಿರಲಿಲ್ಲ. ಕ್ಯಾಸೆಟ್ಟಿನ ಮಹಿಮೆ! ಮುಖ ಗೆಲುವಾಗಿದೆ. ಮೊನ್ನೆ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು. ಗುರುವಾರ ಗುರುವಾರ ಹೊಳಲ್ಕೆರೆಗೆ ಹೋಗಿ ತವರಿನವರನ್ನು ನೋಡಿಕೊಂಡು ಬರುತ್ತಾಳೆ, ಬಂದ ರಾತ್ರಿಯಂತೂ ಕುಂಭಕರ್ಣ. ತವರಿನ ಗಾಳಿ, ನನ್ನ ಧ್ವನಿ, ಎರಡೂ ಸೇರಿ ಕೆಲಸ ಮಾಡಿವೆ.

ಇನ್ನು ನಿನ್ನ ಬಗ್ಗೆ ಒಂದು ಮಾತು. ಮೊದಲಿನ ಕಾಗದದಲ್ಲಿ "ಅಕ್ಕನಿಗೆ ನಿದ್ದೆ ಬಂತೇ, ತಪ್ಪದೆ ಬರೆಯಿರಿ" ಎಂದು ಬರೆದಿದ್ದೆ. ಮೊನ್ನೆಯ ಕಾಗದದಲ್ಲಿ ಅವಳ ಸುದ್ದಿಯೇ ಇಲ್ಲ. ಮಳೆಯ ಸುದ್ದಿ ಬರೆದಿದ್ದೀಯ. ನನ್ನ ಕೈಗುಣ ಕೇಳಲು ನಿನಗೆ ಮನಸ್ಸಿಲ್ಲ, ಅಲ್ಲವಾ? ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟವನು ನಾನು ಎಂದುಕೊಂಡಿದ್ದೆ. ಈಗ ನಿನ್ನ ಸರದಿ.

ಬರುವ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಮುಂದೆ ಇದನ್ನು ನಾನೇ ಮೈಕ್ ಹಿಡಿದು ಓದುತ್ತೇನೆ. ಸ್ವಂತ ಹೆಂಡತಿಗೆ ಗುಣ ಮಾಡಿದವನನ್ನು ಯಾರು ತಾನೇ ನಂಬುವುದಿಲ್ಲ? ನನ್ನ ಬೆಂಚೂ ತುಂಬುತ್ತದೆ.

ಮುರುಗೇಶ್


ಚಿತ್ರದುರ್ಗ
೬-೭-೧೯೯೮

ಅಣ್ಣಾ,

ಕಾಗದ ಈಗ ತಾನೇ ಸಿಕ್ಕಿತು. ಎಕ್ಸ್‌ಪ್ರೆಸ್ಸಿನಲ್ಲಿ ಹಾಕುತ್ತಿದ್ದೇನೆ, ಸಂತೆಗೆ ಮುಂಚೆ ತಲುಪಲಿ.

ದಯವಿಟ್ಟು ಓದಬೇಡಿ. ಪಾಲಮ್ಮನವರದು ಓದಿದಿರಿ, ಆಯಿತು. ಇದನ್ನು ಮಾತ್ರ ಬೇಡ. ಮನೆಯ ಮಾತು ಮನೆಯಲ್ಲಿರಲಿ. ಅವರಿಗೆ ನಿದ್ದೆ ಬಂದಿದೆಯಲ್ಲ, ಅಷ್ಟು ಸಾಲದೇ? ಕಾರಣ ಕೇಳಬೇಡಿ, ಕೇಳಿದರೆ ನನ್ನಲ್ಲಿ ಹೇಳಲು ಕಾರಣವಿಲ್ಲ. ನೀವು ನನ್ನ ಸ್ವಂತ ಅಣ್ಣನೆಂದು ತಿಳಿದು ಕಾಲು ಹಿಡಿದು ಕೇಳುತ್ತಿದ್ದೇನೆ.

ಮೋಹನ್‌ಕುಮಾರ್


ಹೊಸದುರ್ಗ
೨೪-೭-೧೯೯೮

ಮೋಹನ್‌ಕುಮಾರ್ ಅವರಿಗೆ,

ನಿಮ್ಮ ಕಾಗದ ಸಂತೆಗೆ ಮುಂಚೆಯೇ ತಲುಪಿತ್ತು. ಹೊಟ್ಟೆಕಿಚ್ಚಿನ ಕಾಗದವೆಂದು ಜೇಬಿಗಿಟ್ಟುಕೊಂಡು ಹೋಗಿ ಮೈಕಿನಲ್ಲಿ ಓದಿದೆ. "ಬಂಧುಗಳೇ, ಈ ಮುರುಗೇಶನ ಧರ್ಮಪತ್ನಿ, ಹೊಳಲ್ಕೆರೆಯ ಶಿವಕುಮಾರಪ್ಪನವರ ತಂಗಿ ವೀರಮ್ಮ, ರಾತ್ರಿಯೆಲ್ಲ ಗೋಡೆ ನೋಡಿಕೊಂಡು ಕೂರುತ್ತಿದ್ದವಳು, ಇಂದು ಗೊರಕೆ ಹೊಡೆಯುತ್ತಾಳೆ!" ಜನ ನಕ್ಕರು. ಮೆಚ್ಚಿ ನಕ್ಕರು ಎಂದುಕೊಂಡೆ. ವೀರಮ್ಮ ಅದೇ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಳು, ನಾನು ನೋಡಿರಲಿಲ್ಲ. ಸೊಪ್ಪಿನ ತಿಪ್ಪಕ್ಕ ಎಲ್ಲರೆದುರಿಗೆ ಕೇಳಿದಳಂತೆ, "ಏನವ್ವ, ಗ್ವಾಡೆ ನೋಡ್ಕಂಡು ಕುಂತಿರ್ತಿದ್ಯಂತೆ, ಯಾವ್ದಾನ ಗಾಳಿ ಬಡ್ದಿತ್ತಾ?" ಅವಳು ಮನೆಗೆ ಬಂದು ಸೊಪ್ಪಿನ ಚೀಲವನ್ನು ಬಾಗಿಲಲ್ಲಿಟ್ಟು ಹೊಳಲ್ಕೆರೆಯ ಬಸ್ಸು ಹತ್ತಿದಳು. ಇನ್ನೂ ಬಂದಿಲ್ಲ. ಅಲ್ಲಿ ಮತ್ತೆ ನಿದ್ದೆ ಬಿಟ್ಟಿದ್ದಾಳೆ ಎಂದು ಭಾವ ಶಿವಕುಮಾರಪ್ಪ ಹೇಳಿ ಕಳಿಸಿದ್ದಾರೆ.

ಇಷ್ಟೇ ಆಗಿದ್ದರೆ ನಾನೇ ಹೋಗಿ ಕರೆತರುತ್ತಿದ್ದೆ. ಆದರೆ ಕಾಟಲಿಂಗಪ್ಪ ಸಮಾಧಾನ ಹೇಳಲು ಬಂದವನು ಒಂದು ಮಾತು ಆಡಿದ. "ಅಕ್ಕಾರು ಗುರುವಾರ ಗುರುವಾರ ನಮ್ಮ ಬಸ್ಸಿಗೇ ಬರ್ತಿದ್ರಲ್ಲ. ಹೊಳಲ್ಕೆರೆಗೆ ಇಳೀತಿರ್ಲಿಲ್ಲ ಅಣ್ಣ, ಟಿಕೆಟ್ಟು ದುರ್ಗಕ್ಕೇ ತಗಂತಿದ್ರು."

ದುರ್ಗದಲ್ಲಿ ನಮಗೆ ನೆಂಟರಿಲ್ಲ. ದುರ್ಗದಲ್ಲಿ ಇರುವವರು ನೀವೊಬ್ಬರೇ.

ಈಗ ನೇರವಾಗಿ ಕೇಳುತ್ತೇನೆ. ಅವಳು ನಿಮ್ಮ ಹತ್ತಿರ ಬರುತ್ತಿದ್ದಳೋ ಇಲ್ಲವೋ? ಬಂದಿದ್ದರೆ ಏನು ಹೇಳಿದಳು? ಇಷ್ಟು ವರ್ಷ ಸಂಸಾರ ಮಾಡಿದ ನನ್ನೆದುರು ಆಡದ ಮಾತು ಯಾವುದು ನಿಮ್ಮೆದುರು ಆಡಿದ್ದು? ಅವಳು ಕಣ್ಣು ಮುಚ್ಚಿ ಮಲಗಿರುವಾಗ ನೀವು ಎದುರಿಗೆ ಕೂತು ನೋಡುತ್ತಿದ್ದಿರಲ್ಲ, ಅದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ರೋಗಿಗಳನ್ನು ತೆಗೆದುಕೊಂಡಿರಿ, ಬಿಟ್ಟೆ. ಅವಳ ನಿದ್ದೆ ನನ್ನದು. ಅದನ್ನೂ ತೆಗೆದುಕೊಂಡಿರಾ?

ಹೌದು ಅಥವಾ ಇಲ್ಲ. ಒಂದು ಪದ ಬರೆಯಿರಿ.

ಮುರುಗೇಶ್


ಚಿತ್ರದುರ್ಗ
೩೦-೭-೧೯೯೮

ಮುರುಗೇಶಣ್ಣನಿಗೆ,

ನನ್ನ ಹತ್ತಿರ ಯಾರು ಬರುತ್ತಾರೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯವರು ಬಂದಿದ್ದರೂ ಹೇಳುವುದಿಲ್ಲ, ಬಂದಿರದಿದ್ದರೂ ಹೇಳುವುದಿಲ್ಲ. ನೀವು ಬಂದು ನನ್ನ ಕಪಾಳಕ್ಕೆ ಹೊಡೆದರೂ ಹೇಳುವುದಿಲ್ಲ. ನಾಳೆ ನೀವೇ ನನ್ನ ಹತ್ತಿರ ಬಂದು ಹೋದರೆ, ಅದನ್ನೂ ಯಾರಿಗೂ ಹೇಳುವುದಿಲ್ಲ. ಇದೊಂದು ಬಿಟ್ಟರೆ ನನ್ನ ಕಸುಬಿನಲ್ಲಿ ಬೇರೆ ಬಂಡವಾಳವಿಲ್ಲ. ನನಗೆ ನಿಮ್ಮಂಥ ಧ್ವನಿಯಿಲ್ಲ ಅಣ್ಣ. ಶಿಬಿರದಲ್ಲಿ ನೀವು ಮಾತಾಡುವಾಗ ನಾನು ಮೂಲೆಯಲ್ಲಿ ಕೂತು ಹೊಟ್ಟೆಕಿಚ್ಚಿನಿಂದ ಉಗುರು ಕಚ್ಚಿಕೊಳ್ಳುತ್ತಿದ್ದೆ. ಈ ಧ್ವನಿ ನನಗಿದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಇಲ್ಲದ್ದಕ್ಕೇ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ.

ಕಣ್ಣು ಮುಚ್ಚಿ ಮಲಗಿದವರ ಎದುರು ಕೂರುವ ಮಾತೆತ್ತಿದಿರಿ, ಅದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಬಾಗಿಲು ತೆಗೆದೇ ಇರುತ್ತದೆ, ಹೊಸ್ತಿಲಲ್ಲಿ ನಮ್ಮವ್ವ ಇರುತ್ತಾಳೆ. ನೀವು ಬರೆದ ಆ ಸಾಲನ್ನು ಅವಳಿಗೆ ಓದಿ ಹೇಳಲಿಲ್ಲ. ನನಗೆ ನಾಚಿಕೆಯಾಯಿತು, ನಿಮಗಾಗಿ.

ನೀವು ಕೇಳಬೇಕಾದದ್ದು ನನ್ನನ್ನಲ್ಲ. ಹೊಳಲ್ಕೆರೆ ನಿಮ್ಮ ಊರಿಗೇ ಹತ್ತಿರ.

ಮೋಹನ್‌ಕುಮಾರ್


ಚಿತ್ರದುರ್ಗ, ನಿಮ್ಮ ಮನೆಯ ಬೆಂಚು
೮-೧೦-೧೯೯೮, ಗುರುವಾರ

ಮೋಹನ,

ನೀನು ಒಳಗಿದ್ದೀಯ, ನಾನು ಹೊರಗಿದ್ದೇನೆ. ನಡುವೆ ನಿಮ್ಮವ್ವ ಮೊರ ಇಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತ ಕೂತಿದ್ದಾರೆ. ಬಾಯಲ್ಲಿ ಆಡಿದರೆ ಜಗಳವಾಗುತ್ತದೆ ಎಂದು ಕಾಗದದಲ್ಲಿ ಬರೆಯುತ್ತಿದ್ದೇನೆ. ಬರೆದು ಅವರ ಕೈಗೆ ಕೊಡುತ್ತೇನೆ.

ಹೊಳಲ್ಕೆರೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಹೋದರೆ ಅವಳು ಒಳಗಿನಿಂದ ಬರಲಿಲ್ಲ. ಮತ್ತೆ ಹೋದೆ. ಮೂರನೆಯ ಸಲ ಹೋದಾಗ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ದುರ್ಗಕ್ಕೆ ಹೋಗುತ್ತಿದ್ದೆಯಾ ಎಂದು ಕೇಳಿದೆ. "ಹೂಂ" ಅಂದಳು, ಅಷ್ಟು ಸಲೀಸಾಗಿ. ನಾನು ಇರುವಾಗ ಅವನ ಹತ್ತಿರ ಯಾಕೆ ಹೋದೆ ಎಂದು ಕೇಳಿದೆ. ಧ್ವನಿ ಏರಿತು, ಒಪ್ಪುತ್ತೇನೆ. ಅವಳು ಏರಿಸಲಿಲ್ಲ.

"ನನ್ನ ಎದ್ಯಾಗೆ ಒಂದು ಮಾತಿತ್ತು. ಯಾರ ಮುಂದಾದ್ರೂ ಇಳಿಸ್ಬೇಕಿತ್ತು. ನಿಮ್ಮ ಮುಂದೆ ಇಳಿಸಿದ್ರೆ ಅದು ಬಸ್‌ಸ್ಟ್ಯಾಂಡಿಗೆ ಹೋಗ್ತಿತ್ತು" ಅಂದಳು.

ಹೋಗುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಆಗಲೇ ಹೋಗಿತ್ತಲ್ಲ.

"ಇನ್ನೂ ಹೋಗ್ಬೇಕು ಅಂತೀಯಾ?"

"ಹೋಗ್ಬೇಕು. ನೀವು ಬರಂಗಿದ್ರೆ ಬರ್ರಿ. ಹೊರಗೆ ಕುಂತ್ಕಬೇಕು. ಆಮೇಲೆ ನನ್ನ ಏನೂ ಕೇಳಂಗಿಲ್ಲ."

ಹಾಗೆ ಬಂದಿದ್ದೇನೆ. ಆಟೋದ ಮೈಕ್ ಇಳಿಸಿದ್ದೇನೆ. ರೇವಣಸಿದ್ದಪ್ಪನವರ ಮಂಡಿಗೂ ಹೋಗಿದ್ದೆ, ಅವರು ನನ್ನನ್ನು ಕೂರಲು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇದನ್ನೆಲ್ಲ ಬರೆದ ಮಾತ್ರಕ್ಕೆ ನಾನು ಸಾಧುವಾದೆ ಎಂದು ತಿಳಿಯಬೇಡ. ಹೊಟ್ಟೆ ಉರಿಯುತ್ತಲೇ ಇದೆ. ಅವಳು ಒಳಗೆ ಏನೋ ಹೇಳುತ್ತಿದ್ದಾಳೆ. ಬಾಗಿಲು ತೆಗೆದೇ ಇದೆ, ನೀನು ಸುಳ್ಳು ಬರೆದಿರಲಿಲ್ಲ. ಆದರೆ ಅವಳು ಬಾಯಿ ತೆರೆದಾಗಲೆಲ್ಲ ನಿಮ್ಮವ್ವ ಪಟಪಟ ಎಂದು ಕಾಯಿ ಬಿಡಿಸಲು ಶುರುಮಾಡುತ್ತಾರೆ, ಅವಳು ಸುಮ್ಮನಾದರೆ ಇವರೂ ನಿಲ್ಲಿಸುತ್ತಾರೆ. ಒಮ್ಮೆ ನಾನು ಸ್ವಲ್ಪ ಬಾಗಿಲ ಕಡೆ ಸರಿದೆ. ತಲೆ ಎತ್ತದೆ, "ಅಲ್ಲೇ ಕುಂತ್ಕಳಪ್ಪ, ಇಲ್ಲಿ ಸಿಪ್ಪೆ ಹಾರ್ತೈತೆ" ಅಂದರು. ಈ ಮುದುಕಿಯ ಮುಂದೆ ನನ್ನ ಮೈಕ್‌ಸೆಟ್ ಯಾವ ಮೂಲೆಗೂ ಸಾಲದು.

ಈಗ ಅವಳು ಅಳುತ್ತಿದ್ದಾಳೆ. ಅದು ಕಾಯಿಯ ಸದ್ದನ್ನು ದಾಟಿ ಕೇಳಿಸಿತು. ನನ್ನೆದುರು ಅವಳು ಹೀಗೆ ಅತ್ತಿಲ್ಲ. ಎದ್ದು ಒಳಗೆ ನುಗ್ಗಬೇಕು ಅನ್ನಿಸಿತು. ನಿನ್ನ ಕುರ್ಚಿಯಲ್ಲಿ ನಾನಿರಬೇಕಿತ್ತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೆ.

ಈಗ ಅಳು ನಿಂತಿದೆ, ಸಣ್ಣಗೆ ಗೊರಕೆ ಕೇಳಿಸುತ್ತಿದೆ. ಮಲಗಿದಳು ಅನ್ನಿಸುತ್ತದೆ. ಆ ಗೊರಕೆ ನನಗೆ ಗೊತ್ತು.

ಬೆಂಚಿನಲ್ಲಿ ನನ್ನ ಪಕ್ಕ ಹಿರೇಗುಂಟನೂರಿನವನೊಬ್ಬ ಕೂತಿದ್ದಾನೆ. ಆಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದವನು ಈಗ ಗುರುತು ಹಿಡಿದ. "ನೀವು ಹೊಸದುರ್ಗದ ಮೈಕ್ ಮುರುಗೇಶಪ್ಪ ಅಲ್ವ್ರಾ? ನಮ್ಮಣ್ಣನ ಮದ್ವೇಲಿ ಮುಯ್ಯಿ ಓದಿದ್ರಿ. ಒಳಗಿರಾದು ನಿಮ್ಮನೇರಾ?" ಎಂದು ಕೇಳಿದ. ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. ನಿಮ್ಮವ್ವನ ಕೈಯೂ ನಿಂತಿತು. ಊರು, ಅಣ್ಣನ ಹೆಸರು, ಅವಳ ಹೆಸರು, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅಷ್ಟು ವರ್ಷದ ಅಭ್ಯಾಸ ನೋಡು.

"ಇಲ್ಲಪ್ಪ, ಅವರ್ಯಾರೋ ಗೊತ್ತಿಲ್ಲ" ಅಂದೆ. "ನನಗೇ ನಿದ್ದೆ ಬರಲ್ಲ. ತೋರಿಸ್ಕಣಕ್ಕೆ ಬಂದೀನಿ."

ಅವನು "ಅಯ್ಯೋ ಪಾಪ" ಅಂದ. ನಿಮ್ಮವ್ವ ಮತ್ತೆ ಕಾಯಿ ಬಿಡಿಸಲು ಶುರುಮಾಡಿದರು.

ಹೆಂಡತಿಯನ್ನೇ ಗೊತ್ತಿಲ್ಲ ಎಂದುಬಿಟ್ಟೆ. ಅದು ಪೂರ್ತಿ ಸುಳ್ಳೂ ಅಲ್ಲ ಎಂದು ಆಮೇಲೆ ಹೊಳೆಯಿತು. ಎರಡನೆಯ ಮಾತಂತೂ ನಿಜ. ಆ ಸಂತೆಯ ದಿನದಿಂದ ನಾನು ಕಣ್ಣು ಮುಚ್ಚಿಲ್ಲ.

ಅವಳು ಎದ್ದು ಹೊರಗೆ ಬಂದ ಮೇಲೆ ನನ್ನನ್ನು ಒಳಗೆ ಕರೆ. ನಿನ್ನೆದುರು ಕಣ್ಣು ಮುಚ್ಚಿ ಮಲಗುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು. ಆದರೂ ಬರುತ್ತೇನೆ. ನಾನು ಒಳಗೆ ಏನು ಹೇಳಿದರೂ ಅದು ನಿನ್ನ ಹತ್ತಿರವೇ ಇರಲಿ. ವೀರಮ್ಮ ಕೇಳಿದರೂ ಹೇಳಬೇಡ.

ಮುರುಗೇಶ್